ಅಂಗಳದ ದೀಪಗಳು ಮತ್ತೆ ಮತ್ತೆ ಕೆಡುವುದೇಕೆ?
(ಗಿರಣಿ, ಗೋದಾಮು ಮತ್ತು ಅಡತ್ ಅಂಗಡಿಗಳ ವಾಹನ ನಿಲುಗಡೆ ಅಂಗಳದಲ್ಲಿ ವಿದ್ಯುತ್ ದೋಷಗಳ ಪತ್ತೆ)

ದುರಸ್ತಿ ಖಾತೆಯಲ್ಲಿ ವರ್ಷವಿಡೀ ಚಿಕ್ಕ ಚಿಕ್ಕ ಮೊತ್ತಗಳಾಗಿ ಬಂದು, ಮಾರ್ಚ್ ಕೊನೆಗೆ ಕೂಡಿಸಿದಾಗ ಮಾಲೀಕರನ್ನು ಬೆರಗುಗೊಳಿಸುವ ಬಾಬುಗಳಲ್ಲಿ ಅಂಗಳದ ದೀಪಗಳ ಖರ್ಚು ಒಂದು. ಇಂದು ಒಂದು ಬಲ್ಬು, ಹದಿನೈದು ದಿನಗಳ ಬಳಿಕ ಒಂದು ಚೋಕ್, ಮಳೆ ಬಿದ್ದ ಮರುದಿನ ಎರಡು ಎಲ್‌ಇಡಿ ಫಿಟ್ಟಿಂಗ್, ಜೊತೆಗೆ ಎಲೆಕ್ಟ್ರಿಷಿಯನ್ನರ ಕೂಲಿ. ಪ್ರತಿಯೊಂದು ವೋಚರೂ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಒಂದೇ ಕಂಬದ ದೀಪ ವರ್ಷದಲ್ಲಿ ನಾಲ್ಕು ಬಾರಿ ಬದಲಾಗಿದೆ ಎಂಬುದು ಬಿಡಿ ವೋಚರುಗಳಲ್ಲಿ ಗೋಚರವಾಗುವುದಿಲ್ಲ. ದೀಪವೇ ಕೆಟ್ಟಿದೆಯೆಂದು ದೀಪವನ್ನು ಬದಲಿಸುತ್ತ ಹೋಗುತ್ತೇವೆ; ನಿಜವಾದ ದೋಷವು ಬಹುಪಾಲು ದೀಪದಲ್ಲಿರದೆ ಕೇಬಲ್ಲಿನ ಜೋಡಣೆಯಲ್ಲಿ, ನ್ಯೂಟ್ರಲ್‌ನಲ್ಲಿ ಅಥವಾ ಅರ್ಥಿಂಗ್‌ನಲ್ಲಿ ಉಳಿದುಕೊಂಡಿರುತ್ತದೆ.

ಇಂಡಿಯ ನಿಂಬೆ ಮಾರುಕಟ್ಟೆ, ಸಿಂದಗಿಯ ಹತ್ತಿ ಮತ್ತು ತೊಗರಿ ವಹಿವಾಟು, ಮುದ್ದೇಬಿಹಾಳದ ಬೇಳೆ ಗಿರಣಿಗಳು, ಬಸವನ ಬಾಗೇವಾಡಿಯ ಗೋದಾಮುಗಳು: ಇವುಗಳಲ್ಲಿ ಎಲ್ಲಿಯೇ ಆಗಲಿ, ಸುಗ್ಗಿಯ ದಿನಗಳಲ್ಲಿ ಲಾರಿ ಮತ್ತು ಟ್ರ್ಯಾಕ್ಟರುಗಳು ರಾತ್ರಿ ಹೊತ್ತಿನಲ್ಲಿಯೇ ಅಂಗಳಕ್ಕೆ ಬಂದು ನಿಲ್ಲುತ್ತವೆ. ಹಮಾಲರು ಆ ಬೆಳಕಿನಲ್ಲಿಯೇ ಚೀಲ ಇಳಿಸುತ್ತಾರೆ. ಚಾಲಕರು ಕಂಬದ ಬುಡದಲ್ಲಿ ಮಲಗುತ್ತಾರೆ. ಎತ್ತುಗಳನ್ನು ಅದೇ ಕಂಬಕ್ಕೆ ಕಟ್ಟುವುದೂ ಉಂಟು. ಹೀಗಾಗಿ ಈ ವಿಷಯದಲ್ಲಿ ಹಣದ ಪ್ರಶ್ನೆಗಿಂತ ಜೀವದ ಪ್ರಶ್ನೆ ಮೊದಲು ಬರುತ್ತದೆ. ಮಾಲೀಕರು ತಾವೇ ವೈರು ಬಿಚ್ಚಲಿ ಎಂಬ ಉದ್ದೇಶದಿಂದ ಇದನ್ನು ಬರೆದಿಲ್ಲ. ಆ ಕೆಲಸ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರದು. ಅವರಿಗೆ ಯಾವ ಪ್ರಶ್ನೆ ಕೇಳಬೇಕು, ಅವರು ಕೊಟ್ಟ ಉತ್ತರವನ್ನು ಹೇಗೆ ತೂಗಬೇಕು ಎಂಬಷ್ಟು ತಿಳಿವಳಿಕೆ ಹಣ ಪಾವತಿ ಮಾಡುವವರಿಗೆ ಇರಬೇಕು.

ದೋಷದ ವಿನ್ಯಾಸವನ್ನು ಓದುವುದು

ಏಣಿ ತರಿಸುವ ಮೊದಲು ಅಂಗಳದ ಗೇಟಿನ ಬಳಿ ನಿಂತು ನೋಡಬೇಕು. ಆರಿರುವುದು ಒಂದು ದೀಪವೇ, ಒಂದು ಸಾಲೇ, ಅಥವಾ ಎಲ್ಲವೂ ಆರಿವೆಯೇ? ಈ ಒಂದು ಪ್ರಶ್ನೆಯಲ್ಲಿ ಅರ್ಧ ಕೆಲಸ ಮುಗಿಯುತ್ತದೆ.

ಎಲ್ಲ ದೀಪಗಳೂ ಒಮ್ಮೆಗೆ ಆರಿದ್ದರೆ ಕಂಬಗಳತ್ತ ಹೋಗುವ ಅಗತ್ಯವೇ ಇಲ್ಲ. ಮೀಟರಿಗೆ ಸರಬರಾಜು ಬರುತ್ತಿದೆಯೇ, ಮೇನ್ ಸ್ವಿಚ್ಚಿನ ಫ್ಯೂಸ್ ಸರಿಯಿದೆಯೇ, ಎಂಸಿಬಿ ಇಳಿದಿದೆಯೇ, ಟೈಮರ್ ಅಥವಾ ಫೋಟೊಸೆಲ್ ಆದೇಶ ಕೊಡುತ್ತಿದೆಯೇ, ಕಾಂಟ್ಯಾಕ್ಟರ್ ಎಳೆಯುತ್ತಿದೆಯೇ ಎಂದು ಇದೇ ಕ್ರಮದಲ್ಲಿ ನೋಡಬೇಕು. ದೀರ್ಘಕಾಲ ವಿದ್ಯುತ್ ಕಡಿತವಾದ ಬಳಿಕ ಹಳೆಯ ಟೈಮರುಗಳ ಗಡಿಯಾರ ಹಿಂದೆ ಬೀಳುತ್ತದೆ. ಆಗ ದೀಪಗಳು ಸಂಜೆ ಏಳರ ಬದಲು ರಾತ್ರಿ ಹತ್ತಕ್ಕೆ ಹೊತ್ತುತ್ತವೆ. ಇದನ್ನು ದೋಷವೆಂದು ಭಾವಿಸಿ ಕಾಂಟ್ಯಾಕ್ಟರನ್ನೇ ಬದಲಿಸುವವರಿದ್ದಾರೆ. ಮೀಟರಿನ ವರೆಗೆ ಸರಬರಾಜೇ ಬರದಿದ್ದರೆ ಅದು ಹೆಸ್ಕಾಂನ ಕೆಲಸ. 1912ಕ್ಕೆ ದೂರು ಕೊಟ್ಟು, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು.

ಮೂರು ದೀಪಕ್ಕೊಂದರಂತೆ ಆರಿದ್ದರೆ ಒಂದು ಫೇಜ್ ಹೋಗಿದೆ ಎಂದು ತಿಳಿಯಬೇಕು. ಅಂಗಳದ ಕಂಬಗಳನ್ನು ಮೂರು ಫೇಜ್‌ಗಳಿಗೆ ಸರದಿಯಂತೆ ಹಂಚಿ ಜೋಡಿಸುವ ಪದ್ಧತಿ ಇರುವುದರಿಂದ ಈ ವಿನ್ಯಾಸ ಕಾಣಿಸುತ್ತದೆ. ಏಳನೆಯ ಕಂಬದ ವರೆಗೆ ದೀಪ ಉರಿದು ಎಂಟನೆಯದರಿಂದ ಕತ್ತಲಾಗಿದ್ದರೆ, ದೋಷವು ಏಳು ಮತ್ತು ಎಂಟರ ನಡುವಿನ ಕೇಬಲ್ಲಿನಲ್ಲಿ ಅಥವಾ ಆ ಎರಡು ಕಂಬಗಳ ಜಂಕ್ಷನ್ ಬಾಕ್ಸುಗಳಲ್ಲಿ ಇರುತ್ತದೆ. ಒಂದೇ ಒಂದು ದೀಪ ಆರಿದ್ದಾಗ ಮಾತ್ರ ದೀಪವನ್ನು ಮೊದಲ ಆರೋಪಿ ಎನ್ನಬಹುದು.

ಎಲ್ಲಕ್ಕಿಂತ ಗಂಭೀರವಾದ ಲಕ್ಷಣ ಇನ್ನೊಂದಿದೆ. ಕೆಲವು ದೀಪಗಳು ಎಂದಿಗಿಂತ ಪ್ರಖರವಾಗಿ, ಕೆಲವು ಮಂಕಾಗಿ ಉರಿದು, ಒಂದೇ ರಾತ್ರಿಯಲ್ಲಿ ನಾಲ್ಕಾರು ಎಲ್‌ಇಡಿ ಡ್ರೈವರುಗಳು ಸುಟ್ಟರೆ ನ್ಯೂಟ್ರಲ್ ತುಂಡಾಗಿದೆ ಅಥವಾ ಸಡಿಲಾಗಿದೆ ಎಂದೇ ಅರ್ಥ. ಮೂರು ಫೇಜ್ ನಾಲ್ಕು ತಂತಿಯ ವ್ಯವಸ್ಥೆಯಲ್ಲಿ ಪ್ರತಿ ಫೇಜ್‌ಗೂ ಸುಮಾರು 230 ವೋಲ್ಟ್ ಸಿಗುವುದು ನ್ಯೂಟ್ರಲ್ ಗಟ್ಟಿಯಾಗಿ ಇರುವವರೆಗೆ ಮಾತ್ರ. ಅದು ಕಡಿದಾಗ ಕಡಿಮೆ ಭಾರವಿರುವ ಫೇಜ್‌ನ ವೋಲ್ಟೇಜ್ 300ನ್ನೂ ಮೀರಬಹುದು. ಹೆಚ್ಚು ಭಾರವಿರುವ ಫೇಜ್‌ನದು 150ಕ್ಕೆ ಇಳಿಯಬಹುದು. ಇಂತಹ ಸಮಯದಲ್ಲಿ ಹೊಸ ಡ್ರೈವರ್ ಹಾಕಿಸಿದರೆ ಅದೂ ಸುಡುತ್ತದೆ. ಕೂಡಲೇ ಮೇನ್ ಇಳಿಸಿ, ನ್ಯೂಟ್ರಲ್ ಲಿಂಕಿನಿಂದ ಆರಂಭಿಸಿ ಪ್ರತಿಯೊಂದು ಕಂಬದ ಬಾಕ್ಸಿನ ವರೆಗೆ ಜೋಡಣೆಗಳನ್ನು ಬಿಗಿ ಮಾಡಿಸಬೇಕು.

ಎರೆಭೂಮಿಯ ಕೈವಾಡ

ಪಟ್ಟಣದ ಪುಸ್ತಕಗಳಲ್ಲಿ ಇರದ, ನಮ್ಮ ನಾಲ್ಕು ತಾಲೂಕುಗಳಿಗೆ ವಿಶೇಷವಾದ ಒಂದು ಕಾರಣವನ್ನು ಇಲ್ಲಿ ವಿಸ್ತಾರವಾಗಿ ಹೇಳಬೇಕಾಗಿದೆ. ಅದು ನಮ್ಮ ಕರಿ ಎರೆಮಣ್ಣು. ಬೇಸಿಗೆಯಲ್ಲಿ ಅದು ಕುಗ್ಗಿ, ಕೈ ಇಳಿಯುವಷ್ಟು ಅಗಲದ ಬಿರುಕುಗಳನ್ನು ಬಿಡುತ್ತದೆ. ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ. ಜೋಳಕ್ಕೂ ತೊಗರಿಗೂ ಇದು ವರವಾಗಿದ್ದರೂ, ನೆಲದಲ್ಲಿ ಹೂತ ಕೇಬಲ್ಲಿಗೆ ಶತ್ರು. ವರ್ಷವರ್ಷವೂ ಮಣ್ಣು ಕುಗ್ಗಿ ಉಬ್ಬುವಾಗ ಬಿಗಿಯಾಗಿ ಹಾಸಿದ ಕೇಬಲ್ಲನ್ನು ಎಳೆಯುತ್ತದೆ. ಕೇಬಲ್ ತುಂಡಾಗದಿದ್ದರೂ ಅದರ ಜೋಡಣೆ ಸಡಿಲವಾಗುತ್ತದೆ. ಸಡಿಲವಾದಲ್ಲಿ ಬಿಸಿಯಾಗುತ್ತದೆ, ಬಿಸಿಯಾದಲ್ಲಿ ಇನ್ಸುಲೇಶನ್ ಕರಗುತ್ತದೆ, ಮುಂದಿನ ಮಳೆಯ ನೀರು ಆ ಬಾಯಿಂದಲೇ ಒಳಹೋಗುತ್ತದೆ. ಅಂಗಳದ ದೀಪಗಳು ಸೆಪ್ಟೆಂಬರಿನಲ್ಲಿ ಹೆಚ್ಚಾಗಿ ಕೆಡುವುದು ಆಕಸ್ಮಿಕವೇನಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್ ಮಳೆಯಾದರೂ ಅದರ ದೊಡ್ಡ ಪಾಲು ಬರುವುದು ಆ ತಿಂಗಳಿನಲ್ಲಿಯೇ.

ಇದಕ್ಕೆ ಪರಿಹಾರ ದುಬಾರಿಯಾದುದಲ್ಲ. ಕೇಬಲ್ಲನ್ನು ಸುಮಾರು 75 ಸೆಂಟಿಮೀಟರ್ ಆಳದಲ್ಲಿ, ಕೆಳಗೂ ಮೇಲೂ ಉಸುಕು ಹಾಕಿ, ಲಾರಿ ಓಡಾಡುವ ಕಡೆ ಗಟ್ಟಿ ಪೈಪಿನೊಳಗೆ ಹಾಸಬೇಕು. ಪ್ರತಿ ಕಂಬದ ಬುಡದಲ್ಲಿ ಒಂದು ಮೀಟರಿನಷ್ಟು ಕೇಬಲ್ಲನ್ನು ಸುರುಳಿಯಾಗಿ ಸಡಿಲ ಬಿಡಬೇಕು. ಮಣ್ಣು ಎಳೆದಾಗ ಆ ಸಡಿಲು ಹೋಗುತ್ತದೆಯೇ ಹೊರತು ಜೋಡಣೆ ಬಿಚ್ಚಿಕೊಳ್ಳುವುದಿಲ್ಲ. ಮಣ್ಣಿನೊಳಗೆ ಟೇಪ್ ಸುತ್ತಿದ ಜೋಡಣೆ ಇರಕೂಡದು. ಜೋಡಣೆಗಳೆಲ್ಲ ಕಂಬದ ಬಾಕ್ಸಿನಲ್ಲಿ, ನೀರು ನಿಲ್ಲುವ ಮಟ್ಟಕ್ಕಿಂತ ಮೇಲೆ ಇರಬೇಕು. ಕೇಬಲ್ ಬಾಕ್ಸಿನ ತಳದಿಂದ ಗ್ಲ್ಯಾಂಡ್ ಮೂಲಕ ಒಳಸೇರಬೇಕು. ಮೇಲಿನಿಂದ ಅಥವಾ ಬದಿಯಿಂದ ಒಳಬಂದ ಕೇಬಲ್ಲಿನ ಗುಂಟ ನೀರೂ ಒಳಬರುತ್ತದೆ. ಮುಚ್ಚದೆ ಬಿಟ್ಟ ರಂಧ್ರಗಳಿಂದ ಹಲ್ಲಿ ಒಳಸೇರಿ ಫೇಜ್ ಮತ್ತು ಬಾಕ್ಸಿನ ನಡುವೆ ಸತ್ತು ಬಿದ್ದಿರುವುದನ್ನು ಎಲೆಕ್ಟ್ರಿಷಿಯನ್ನರು ಎಷ್ಟೋ ಬಾರಿ ಕಂಡಿರುತ್ತಾರೆ. ಬೇಳೆ ಗಿರಣಿಗಳಲ್ಲಿ ತೊಗರಿಯ ಹೊಟ್ಟು, ಜಿನ್ನಿಂಗ್ ಗಿರಣಿಗಳಲ್ಲಿ ಹತ್ತಿಯ ನವಿರು ಬಾಕ್ಸುಗಳಲ್ಲಿ ತುಂಬಿ ಮಳೆಯ ತೇವ ಹಿಡಿದುಕೊಳ್ಳುತ್ತದೆ. ಹತ್ತಿಯ ಅಂಗಳದಲ್ಲಿ ಒಂದು ಸಡಿಲ ಜೋಡಣೆಯ ಕಿಡಿ ಏನು ಮಾಡಬಲ್ಲದೆಂಬುದನ್ನು ಸಿಂದಗಿಯ ವರ್ತಕರಿಗೆ ವಿವರಿಸಬೇಕಿಲ್ಲ.

ಅರ್ಥಿಂಗ್ ವಿಷಯದಲ್ಲಿಯೂ ಇದೇ ಮಣ್ಣು ಎರಡು ಮುಖ ತೋರಿಸುತ್ತದೆ. ಹಸಿಯಿರುವಾಗ ವಿದ್ಯುತ್ತನ್ನು ಚೆನ್ನಾಗಿ ಸೆಳೆದುಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಒಣಗಿ ಬಿರಿದಾಗ ಮಣ್ಣಿಗೂ ಅರ್ಥಿಂಗ್ ಪೈಪಿಗೂ ನಡುವೆ ಗಾಳಿ ತುಂಬಿ, ಸಂಪರ್ಕ ಬಹುಪಾಲು ಕಡಿದಂತಾಗುತ್ತದೆ. ಗುಡುಗು ಸಿಡಿಲಿನ ಅಡ್ಡಮಳೆ ಬರುವುದು ಅದೇ ತಿಂಗಳುಗಳಲ್ಲಿ. ಆದ್ದರಿಂದ ಅರ್ಥಿಂಗ್ ಅಳತೆಯನ್ನು ಮಳೆಗಾಲದಲ್ಲಿ ಮಾಡಿ ‘ಸರಿಯಿದೆ’ ಎಂದು ಬರೆದುಕೊಟ್ಟ ವರದಿಗೆ ಹೆಚ್ಚಿನ ಬೆಲೆಯಿಲ್ಲ. ಅಳತೆ ಮೇ ತಿಂಗಳಿನಲ್ಲಿ ಆಗಬೇಕು. ಬೇಸಿಗೆಯುದ್ದಕ್ಕೂ ಅರ್ಥಿಂಗ್ ಗುಂಡಿಗೆ ನೀರು ಹಾಕುವ ಹೊಣೆಯನ್ನು ಕಾವಲುಗಾರರಿಗೆ ಹೆಸರು ಹಿಡಿದು ವಹಿಸಬೇಕು.

ವೋಲ್ಟೇಜ್, ಕೆಪ್ಯಾಸಿಟರ್ ಮತ್ತು ಬಿಲ್ಲು

ಬಸವನ ಬಾಗೇವಾಡಿಯ ನೆರೆಯ ಕೂಡಗಿಯಲ್ಲಿ ತಲಾ 800 ಮೆಗಾವ್ಯಾಟಿನ ಮೂರು ಘಟಕಗಳಿಂದ 2,400 ಮೆಗಾವ್ಯಾಟ್ ಸಾಮರ್ಥ್ಯದ ಎನ್‌ಟಿಪಿಸಿ ಸ್ಥಾವರವಿದೆ. ಆಲಮಟ್ಟಿಯಲ್ಲಿ ಜಲವಿದ್ಯುತ್ ಕೇಂದ್ರವಿದೆ. ಹೀಗಿದ್ದೂ ನಮ್ಮ ಅಂಗಳದ ಕೊನೆಯ ದೀಪ ಮಂಕಾಗಿರುವುದೇಕೆಂದು ಕೇಳುವವರುಂಟು. ಕೊನೆಯ ಇನ್ನೂರು ಮೀಟರಿನ ತಂತಿಯನ್ನು ಹಾಕಿದವರು ನಾವೇ ಎಂಬುದು ಅದಕ್ಕೆ ಉತ್ತರ. 2.5 ಚದರ ಮಿಲಿಮೀಟರಿನ ಅಲ್ಯುಮಿನಿಯಂ ತಂತಿಗೆ ಕಿಲೋಮೀಟರಿಗೆ ಸುಮಾರು 12 ಓಮ್ ಪ್ರತಿರೋಧವಿದೆ. 200 ಮೀಟರ್ ದೂರವೆಂದರೆ ಹೋಗಿ ಬರುವ ದಾರಿ 400 ಮೀಟರ್. ಪ್ರತಿರೋಧ ಸುಮಾರು 4.8 ಓಮ್. ಅದರಲ್ಲಿ 5 ಆಂಪಿಯರ್ ಹರಿದರೆ 24 ವೋಲ್ಟ್ ದಾರಿಯಲ್ಲಿಯೇ ಕಳೆಯುತ್ತದೆ. ಅದೇ ಜಾಗದಲ್ಲಿ 10 ಚದರ ಮಿಲಿಮೀಟರಿನ ಕೇಬಲ್ ಇದ್ದರೆ ಕಳೆಯುವುದು ಸುಮಾರು 6 ವೋಲ್ಟ್ ಮಾತ್ರ. ಪಂಪ್‌ಸೆಟ್ಟುಗಳು ಓಡುವ ಹೊತ್ತಿನಲ್ಲಿ ಟಿಸಿಯಿಂದಲೇ 200 ವೋಲ್ಟ್ ಬರುತ್ತಿದ್ದರೆ ಕೊನೆಯ ಕಂಬಕ್ಕೆ ತಲುಪುವುದು 176. ಸೋಡಿಯಂ ದೀಪ ಅಷ್ಟರಲ್ಲಿ ನಿಲ್ಲಲಾರದು. ಆದ್ದರಿಂದ ವೋಲ್ಟೇಜನ್ನು ಮೇನ್ ಬೋರ್ಡಿನಲ್ಲಷ್ಟೇ ಅಳೆಯದೆ, ಎಲ್ಲ ದೀಪಗಳೂ ಉರಿಯುತ್ತಿರುವಾಗ ಕೊನೆಯ ಕಂಬದಲ್ಲಿಯೂ ಅಳೆಯಿಸಬೇಕು.

ಹಳೆಯ ಸೋಡಿಯಂ ದೀಪಗಳು ಇನ್ನೂ ಉಳಿದಿರುವ ಅಂಗಳಗಳಲ್ಲಿ ಎರಡು ಲಕ್ಷಣಗಳನ್ನು ಗುರುತಿಸಬೇಕು. ದೀಪ ಹೊತ್ತಿ, ಕೆಲವು ನಿಮಿಷ ಉರಿದು, ಆರಿ, ತಣ್ಣಗಾದ ಮೇಲೆ ಮತ್ತೆ ಹೊತ್ತುತ್ತಿದ್ದರೆ ಬಲ್ಬಿನ ಆಯುಷ್ಯ ಮುಗಿದಿದೆ. ಚೋಕ್ ಬದಲಿಸುವುದು ವ್ಯರ್ಥ. ದೀಪ ಸರಿಯಾಗಿ ಉರಿಯುತ್ತಿದ್ದರೂ ಎಂಸಿಬಿ ಇಳಿಯುತ್ತಿದ್ದರೆ ಕೆಪ್ಯಾಸಿಟರುಗಳನ್ನು ನೋಡಬೇಕು. 250 ವ್ಯಾಟಿನ ಸೋಡಿಯಂ ದೀಪ ಚೋಕ್ ಸೇರಿ ಸುಮಾರು 280 ವ್ಯಾಟ್ ಎಳೆಯುತ್ತದೆ ಎಂದುಕೊಳ್ಳೋಣ. ಪವರ್ ಫ್ಯಾಕ್ಟರ್ 0.85 ಇರುವಾಗ ಅದರ ಕರೆಂಟು ಸುಮಾರು 1.4 ಆಂಪಿಯರ್. ಕೆಪ್ಯಾಸಿಟರ್ ಸತ್ತು ಪವರ್ ಫ್ಯಾಕ್ಟರ್ 0.45ಕ್ಕೆ ಇಳಿದರೆ 2.7 ಆಂಪಿಯರ್. ಹತ್ತು ದೀಪಗಳ ಸಾಲಿನಲ್ಲಿ 14 ಆಂಪಿಯರ್ ಇದ್ದುದು 27 ಆಗುತ್ತದೆ. ಬೆಳಕಿನಲ್ಲಿ ವ್ಯತ್ಯಾಸವೇ ಕಾಣದ ಕಾರಣ ಯಾರೂ ಗಮನಿಸುವುದಿಲ್ಲ. ಎಂಸಿಬಿ ಇಳಿಯುತ್ತದೆಂದು ದೊಡ್ಡ ಎಂಸಿಬಿ ಹಾಕಿ ಸುಮ್ಮನಾಗುತ್ತಾರೆ. ಬಳಿಕ ಕೇಬಲ್ ಬಿಸಿಯಾಗುತ್ತದೆ, ಪವರ್ ಫ್ಯಾಕ್ಟರ್ ಸರ್‌ಚಾರ್ಜ್ ಬಿಲ್ಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಬಿಲ್ಲು ಬಂದೊಡನೆ ಒಟ್ಟು ಮೊತ್ತವನ್ನಷ್ಟೇ ನೋಡದೆ ಆ ಸಾಲನ್ನೂ ಓದುವ ಅಭ್ಯಾಸ ಒಳ್ಳೆಯದು.

ಹಗಲಿನಲ್ಲಿ ಉರಿಯುವ ದೀಪವೂ ಒಂದು ದೋಷವೇ. ಫೋಟೊಸೆಲ್ಲಿನ ಮೇಲೆ ಧೂಳು ಕುಳಿತರೆ ಅದಕ್ಕೆ ಹಗಲು ಕತ್ತಲೆಯಂತೆ ತೋರುತ್ತದೆ. ಕಾಂಟ್ಯಾಕ್ಟರಿನ ತುದಿಗಳು ಬೆಸೆದುಕೊಂಡರೆ ಆದೇಶ ನಿಂತರೂ ದೀಪ ಆರದು. ಮೇಲಿನ ಲೆಕ್ಕದ 20 ದೀಪಗಳು ಹಗಲಿನ 12 ಗಂಟೆ ಉರಿದರೆ ದಿನಕ್ಕೆ 67 ಯೂನಿಟ್, ತಿಂಗಳಿಗೆ ಎರಡು ಸಾವಿರ ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 14,000 ರೂಪಾಯಿ. ಒಂದು ಬಟ್ಟೆಯಿಂದ ಫೋಟೊಸೆಲ್ ಒರೆಸುವ ಕೆಲಸಕ್ಕೆ ಇದಕ್ಕಿಂತ ಹೆಚ್ಚಿನ ಕೂಲಿ ಸಿಗಲಿಕ್ಕಿಲ್ಲ!

ಕಂಬ ಮುಟ್ಟಿದರೆ ಜುಮ್ಮೆನ್ನುವುದು

ಮಳೆಗಾಲದಲ್ಲಿ ಕಂಬ ಮುಟ್ಟಿದರೆ ಸ್ವಲ್ಪ ಜುಮ್ಮೆನ್ನುತ್ತದೆ ಎಂದು ಹಮಾಲರು ಹೇಳಿದರೆ ಅದನ್ನು ಹಗುರವಾಗಿ ಕಾಣಕೂಡದು. ಆ ಕ್ಷಣವೇ ಮೇನ್ ಇಳಿಸಿ, ಫ್ಯೂಸ್ ಕ್ಯಾರಿಯರನ್ನು ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಇಂದು ಜುಮ್ಮೆಂದ ಕಂಬ ನಾಳೆ ಬರಿಗಾಲಿನಲ್ಲಿ ಕೆಸರಿನಲ್ಲಿ ನಿಂತವರ ಪ್ರಾಣ ತೆಗೆಯಬಲ್ಲದು.

ಇದರ ಹಿಂದೆ ಅನೇಕ ವೇಳೆ ಒಂದು ಕೆಟ್ಟ ರೂಢಿ ಇರುತ್ತದೆ. ನೆಲದೊಳಗಿನ ಕೇಬಲ್ಲಿನಲ್ಲಿ ನ್ಯೂಟ್ರಲ್ ತುಂಡಾದಾಗ ಅಗೆಯುವ ಶ್ರಮ ತಪ್ಪಿಸಲು ಅರ್ಥ್ ತಂತಿಯನ್ನೇ ನ್ಯೂಟ್ರಲ್ಲಾಗಿ ಬಳಸುತ್ತಾರೆ. ಇನ್ನೂ ಕೆಟ್ಟದಾಗಿ, ದೀಪದ ಮರಳು ತಂತಿಯನ್ನು ಕಂಬದ ಬೋಲ್ಟಿಗೆ ಕಟ್ಟಿಬಿಡುತ್ತಾರೆ. ದೀಪ ಹೊತ್ತುತ್ತದೆ, ಮಾಲೀಕರು ಸಂತುಷ್ಟರಾಗುತ್ತಾರೆ. ಆದರೆ ದೀಪದ ಕರೆಂಟು ಪೂರ್ತಿ ಕಂಬದ ಮೂಲಕ ನೆಲಕ್ಕೆ ಇಳಿಯುತ್ತಿರುತ್ತದೆ. ನೆಲ ಒಣಗಿ ಅರ್ಥಿಂಗ್ ಕ್ಷೀಣಿಸಿದ ದಿನ ಕಂಬಕ್ಕೇ ವೋಲ್ಟೇಜ್ ಬರುತ್ತದೆ. ‘ಅಗೆಯದೆ ಅರ್ಧ ಗಂಟೆಯಲ್ಲಿ ಸರಿ ಮಾಡಿದೆ’ ಎಂಬ ದುರಸ್ತಿಯ ಬಿಲ್ಲನ್ನು ಎಚ್ಚರದಿಂದ ನೋಡಬೇಕು.

ಇದನ್ನು ಹಿಡಿಯುವ ಪರೀಕ್ಷೆ ಸರಳ. ಕ್ಲ್ಯಾಂಪ್ ಮೀಟರಿನ ದವಡೆಯಲ್ಲಿ ಆ ಸಾಲಿನ ಫೇಜ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿಯಬೇಕು. ಹೋದಷ್ಟು ಕರೆಂಟು ಮರಳುತ್ತಿದ್ದರೆ ಮೀಟರು ಸೊನ್ನೆಯ ಹತ್ತಿರ ನಿಲ್ಲುತ್ತದೆ. ನಿಲ್ಲದಿದ್ದರೆ ವ್ಯತ್ಯಾಸದಷ್ಟು ಕರೆಂಟು ಬೇರೆ ದಾರಿಯಲ್ಲಿ ಹೋಗುತ್ತಿದೆ. ಜಮೆ ಖರ್ಚು ತಾಳೆಯಾಗದ ಕಿರ್ದಿಯಲ್ಲಿ ಎಲ್ಲಿಯೋ ಸೋರಿಕೆ ಇರುವಂತೆಯೇ ಇದು. ಟೆಸ್ಟರ್ ಬೆಳಗಿತೆಂಬುದನ್ನು ಮಾತ್ರ ಪುರಾವೆಯಾಗಿ ಸ್ವೀಕರಿಸಬಾರದು. ನ್ಯೂಟ್ರಲ್ ಕಡಿದಿದ್ದರೂ ಫೇಜ್‌ನಲ್ಲಿ ಟೆಸ್ಟರ್ ಬೆಳಗುತ್ತದೆ.

ಸೋರಿಕೆ ಯಾವ ಕಂಬದಲ್ಲಿದೆ ಎಂದು ಹುಡುಕಲು ಒಂದನೆಯ ಕಂಬದಿಂದ ಹದಿನಾರನೆಯದರ ವರೆಗೆ ಸಾಲಾಗಿ ಬಿಚ್ಚುತ್ತ ಹೋಗಬೇಕಿಲ್ಲ. ಮೇನ್ ಇಳಿಸಿ, ಎಂಟನೆಯ ಕಂಬದ ಬಾಕ್ಸಿನಲ್ಲಿ ಕೇಬಲ್ ಬೇರ್ಪಡಿಸಿ, ಎರಡೂ ಭಾಗಗಳನ್ನು ಮೆಗ್ಗರಿನಿಂದ ಪರೀಕ್ಷಿಸಬೇಕು. 500 ವೋಲ್ಟ್ ಮೆಗ್ಗರಿನಲ್ಲಿ ಒಂದು ಮೆಗಾಓಮ್‌ಗಿಂತ ಕಡಿಮೆ ತೋರಿಸುವ ಭಾಗವನ್ನು ಮತ್ತೆ ಅರ್ಧ ಮಾಡಬೇಕು. ಹದಿನಾರು ಕಂಬಗಳಿಗೆ ನಾಲ್ಕು ಬಾರಿ ಅರ್ಧ ಮಾಡಿದರೆ ದೋಷದ ಕಂಬ ಸಿಕ್ಕಿಬಿಡುತ್ತದೆ. ಮೆಗ್ಗರ್ ಹಿಡಿಯುವ ಮೊದಲು ಎಲ್‌ಇಡಿ ಡ್ರೈವರು, ಫೋಟೊಸೆಲ್ ಮತ್ತು ಸರ್ಜ್ ರಕ್ಷಕಗಳನ್ನು ಬೇರ್ಪಡಿಸಲು ಮರೆಯಕೂಡದು. ಇಲ್ಲವಾದರೆ ಪರೀಕ್ಷೆಯೇ ಅವುಗಳನ್ನು ಕೊಲ್ಲುತ್ತದೆ.

ಸೋರಿಕೆಯನ್ನು ಗುರುತಿಸಿ ತಾನೇ ಸರಬರಾಜು ಕಡಿಯುವ ಆರ್‌ಸಿಸಿಬಿ ಪ್ರತಿ ಅಂಗಳಕ್ಕೂ ಬೇಕು. ಮನುಷ್ಯರ ರಕ್ಷಣೆಗೆ 30 ಮಿಲಿಆಂಪಿಯರಿನದು ಸೂಕ್ತ. ಪದೇ ಪದೇ ಟ್ರಿಪ್ ಆಗುತ್ತದೆಂದು ಅದನ್ನು ಬೈಪಾಸ್ ಮಾಡುವುದು ಬಾಗಿಲಿಗೆ ಬೀಗ ಹಾಕಲು ಬೇಸರವೆಂದು ಬಾಗಿಲನ್ನೇ ಕಿತ್ತಿಟ್ಟಂತೆ. ಆದರೆ ನಿಜವಾದ ಕಾರಣವೊಂದನ್ನು ತಿಳಿದಿರಬೇಕು: ಪ್ರತಿಯೊಂದು ಎಲ್‌ಇಡಿ ಡ್ರೈವರೂ ದೋಷವಿಲ್ಲದೆಯೇ ಅತ್ಯಲ್ಪ ಪ್ರಮಾಣದ ಕರೆಂಟನ್ನು ಅರ್ಥ್‌ಗೆ ಬಿಡುತ್ತದೆ. ಇಪ್ಪತ್ತು ಮೂವತ್ತು ದೀಪಗಳನ್ನು ಒಂದೇ ಆರ್‌ಸಿಸಿಬಿಗೆ ಕೊಟ್ಟರೆ ಅವುಗಳ ಮೊತ್ತಕ್ಕೇ ಅದು ಇಳಿಯಬಹುದು. ದೀಪಗಳನ್ನು ಮೂರು ಸಾಲುಗಳಾಗಿ ವಿಂಗಡಿಸಿ ಪ್ರತಿ ಸಾಲಿಗೂ ಬೇರೆ ಆರ್‌ಸಿಸಿಬಿ ಹಾಕುವುದು ಸರಿಯಾದ ಕ್ರಮ. ಸ್ವಿಚ್ ಆರಿಸಿದ ಮೇಲೂ ಎಲ್‌ಇಡಿ ದೀಪ ಮಿಣುಕುತ್ತಿದ್ದರೆ ಸ್ವಿಚ್ಚು ಫೇಜನ್ನು ಕಡಿಯುವ ಬದಲು ನ್ಯೂಟ್ರಲ್ಲನ್ನು ಕಡಿಯುತ್ತಿರಬಹುದು. ಹಾಗಿದ್ದರೆ ಆರಿದ ದೀಪದಲ್ಲಿಯೂ ಫೇಜ್ ಇರುತ್ತದೆ. ಏಣಿ ಹತ್ತಿದವರಿಗೆ ಇದು ಗೊತ್ತಿರುವುದಿಲ್ಲ.

ಅವಘಡ ಸಂಭವಿಸಿ ಮನುಷ್ಯರಿಗಾಗಲಿ ಜಾನುವಾರಿಗಾಗಲಿ ಪ್ರಾಣಹಾನಿ ಅಥವಾ ಗಾಯವಾದರೆ 2003ರ ವಿದ್ಯುಚ್ಛಕ್ತಿ ಕಾಯಿದೆಯ 161ನೆಯ ಕಲಮಿನಂತೆ ವಿದ್ಯುತ್ ಪರಿವೀಕ್ಷಕರಿಗೆ ಸೂಚನೆ ಕೊಡಬೇಕಾಗುತ್ತದೆ. ಅದೇ ಕಾಯಿದೆಯ 126ನೆಯ ಕಲಮನ್ನೂ ಇಲ್ಲಿ ಜ್ಞಾಪಿಸಬೇಕು. ಅಂಗಳದ ದೀಪ ಆರಿದಾಗ ತಾತ್ಕಾಲಿಕವಾಗಿ ಪಕ್ಕದ ಮನೆಯ ಮೀಟರಿನಿಂದ ಅಥವಾ ಪಂಪ್‌ಸೆಟ್ಟಿನ ಸಂಪರ್ಕದಿಂದ ವೈರು ಎಳೆದು, ಮುಂದೆ ಅದನ್ನೇ ಖಾಯಂ ಮಾಡಿಕೊಳ್ಳುವುದು ಅನಧಿಕೃತ ಬಳಕೆಯಾಗುತ್ತದೆ. ಆಗ ಅನ್ವಯವಾಗುವ ದರದ ಎರಡು ಪಟ್ಟು ವಿಧಿಸಲಾಗುತ್ತದೆ. ಬಳಕೆ ಯಾವಾಗ ಆರಂಭವಾಯಿತೆಂದು ನಿರ್ಧರಿಸಲಾಗದಿದ್ದರೆ ತಪಾಸಣೆಯ ಹಿಂದಿನ ಹನ್ನೆರಡು ತಿಂಗಳ ಲೆಕ್ಕ ಹಿಡಿಯಲಾಗುತ್ತದೆ.

ದೀಪಗಳಿಗೂ ಒಂದು ಖಾತೆ

ಪ್ರತಿ ಕಂಬಕ್ಕೂ ಬಣ್ಣದಲ್ಲಿ ಸಂಖ್ಯೆ ಬರೆಸಿ, ಒಂದು ನೂರು ಪುಟದ ಪುಸ್ತಕದಲ್ಲಿ ಕಂಬಕ್ಕೊಂದು ಪುಟ ತೆರೆಯಬೇಕು. ದೋಷ ಕಂಡ ದಿನ, ಅಂದು ಮಳೆಯಿತ್ತೇ, ಯಾವ ಫೇಜ್, ಏನು ಸಿಕ್ಕಿತು, ಏನು ಬದಲಾಯಿತು, ಎಷ್ಟು ಖರ್ಚಾಯಿತು, ಬಿಲ್ಲಿನ ಸಂಖ್ಯೆ ಮತ್ತು ವಾರಂಟಿಯ ಅವಧಿ: ಇಷ್ಟು ಸಾಕು. ಹನ್ನೆರಡು ಕಂಬಗಳಿಗೆ ವರ್ಷದಲ್ಲಿ ಹದಿನಾಲ್ಕು ಫಿಟ್ಟಿಂಗ್ ಬದಲಾಗಿ, ಅವುಗಳಲ್ಲಿ ಒಂಬತ್ತು ಎಂಟರಿಂದ ಹನ್ನೆರಡನೆಯ ಕಂಬಗಳದ್ದೇ ಆಗಿದ್ದರೆ ಎಂಟನೆಯ ಕಂಬದಿಂದ ಮುಂದಿನ ಕೇಬಲ್ ಬದಲಿಸುವುದೇ ಅಗ್ಗವೆಂದು ಪುಸ್ತಕವೇ ಹೇಳುತ್ತದೆ. ಒಂಬತ್ತೂ ಮಳೆಯ ಮರುದಿನದ ನಮೂದುಗಳಾಗಿದ್ದರೆ ಬಾಕ್ಸುಗಳಲ್ಲಿ ನೀರಿದೆ.

ಬಿಲ್ಲಿಲ್ಲದೆ ನಗದು ಕೊಟ್ಟು ತಂದ ಫಿಟ್ಟಿಂಗಿಗೆ ವಾರಂಟಿ ಕೇಳುವಂತಿಲ್ಲ. ತೆರಿಗೆ ತೆರುವ ಸರಕು ತಯಾರಿಸುವ ಗಿರಣಿಗೆ ಇಂತಹ ದುರಸ್ತಿ ಸಾಮಗ್ರಿಯ ಮೇಲಿನ ಜಿಎಸ್‌ಟಿ ಹುಟ್ಟುವಳಿ ಜಮೆಯೂ ತಪ್ಪಿಹೋಗುತ್ತದೆ. ತೆರಿಗೆಯಿಲ್ಲದ ಕಾಳುಕಡಿಯನ್ನಷ್ಟೇ ಮಾರುವವರಿಗೆ ಆ ಜಮೆ ದೊರೆಯುವುದಿಲ್ಲವಾದ್ದರಿಂದ ಅವರಿಗೆ ಪ್ರತಿ ಫಿಟ್ಟಿಂಗಿನ ತೆರಿಗೆಯೂ ನೇರ ಖರ್ಚೇ. ಕೆಟ್ಟ ಡ್ರೈವರ್, ಬಲ್ಬು, ಚೋಕ್ ಬದಲಿಸಿದ್ದು ಚಾಲ್ತಿ ದುರಸ್ತಿ; ಹೊಸ ಕಂಬ, ಹೊಸ ಕೇಬಲ್ ಸಹಿತ ಇಡೀ ವ್ಯವಸ್ಥೆಯನ್ನು ಹೊಸದಾಗಿ ಮಾಡಿಸಿದ್ದು ಬಂಡವಾಳ ವೆಚ್ಚ. ಎರಡನ್ನೂ ಒಂದೇ ಬಿಲ್ಲಿನಲ್ಲಿ ಬೆರೆಸದಂತೆ ಗುತ್ತಿಗೆದಾರರಿಗೆ ಮೊದಲೇ ಹೇಳಬೇಕು. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚು ಆದಾಯ ತೆರಿಗೆಯ ಲೆಕ್ಕದಲ್ಲಿ ಮಾನ್ಯವಾಗದೆಂಬುದನ್ನು ಸದಸ್ಯರು ಬಲ್ಲರು.

ತಪಾಸಣೆಗೆ ವರ್ಷದಲ್ಲಿ ಎರಡು ದಿನ ಸಾಕು. ಮೊದಲನೆಯದು ಮೇ ತಿಂಗಳಿನಲ್ಲಿ, ಅರ್ಥಿಂಗ್ ಮತ್ತು ಬಾಕ್ಸುಗಳಿಗಾಗಿ; ಎರಡನೆಯದು ನವೆಂಬರಿನಲ್ಲಿ, ತೊಗರಿಯ ಆವಕ ಆರಂಭವಾಗುವ ಮೊದಲು, ಕೇಬಲ್ ಮತ್ತು ನ್ಯೂಟ್ರಲ್ ಜೋಡಣೆಗಳಿಗಾಗಿ. ಎರಡೂ ಸಲ ಮೆಗ್ಗರಿನ ಮತ್ತು ಅರ್ಥಿಂಗ್‌ನ ಅಳತೆಗಳನ್ನು ಕಂಬದ ಪುಟದಲ್ಲಿ ಬರೆಸಿ, ಅಳೆದವರ ಸಹಿ ಪಡೆದ ಮೇಲೆಯೇ ಬಿಲ್ಲು ಪಾಸು ಮಾಡಬೇಕು.